ನನ್ನ ಬಗ್ಗೆ 500 ಪದ

ಏಳು ಜನ ಬರೆದಿದ್ದೆವು. ಮೇಡಂ ಏಳೂ ಹಾಳೆ ತಗೊಂಡು, ಹೆಸರಿದ್ದ ಮೇಲಿನ ಭಾಗ ಮಡಚಿ, ಒಂದೊಂದಾಗಿ ಜೋರಾಗಿ ಓದಿದರು. "ಇದು ಯಾರದ್ದು, ಕೈ ಎತ್ತಿ" ಅಂದರು. ನಾಲ್ಕನೇ ಹಾಳೆ ಓದುವಾಗ ನಾನು ಕೈ ಎತ್ತಿದೆ. ಮಡಿಕೆ ಬಿಚ್ಚಿ ನೋಡಿದರೆ ಅದು ನನ್ನ ಪಕ್ಕ ಕೂರುವ ಗೆಳತಿಯದ್ದು. ನನ್ನದು ಆರನೇದು. ಅದಕ್ಕೆ ನಾನು ಎತ್ತಲೇ ಇಲ್ಲ, ಬೇರೆ ಇಬ್ಬರು ಎತ್ತಿದರು.

ಎಲ್ಲದರಲ್ಲೂ ಅದೇ ಮಾತು. ನಾನು ಶ್ರಮಜೀವಿ. ಪ್ರಾಮಾಣಿಕ. ಸಮಯಪಾಲನೆ ನನ್ನ ದೊಡ್ಡ ಗುಣ. ಸಮಾಜಕ್ಕೆ ನನ್ನಿಂದಾದ ಕೊಡುಗೆ ಕೊಡಬೇಕು ಎಂಬುದು ನನ್ನ ಕನಸು. ಐದು ಹಾಳೆಗಳಲ್ಲಿ ಐಎಎಸ್ ಇತ್ತು, ಉಳಿದ ಎರಡರಲ್ಲಿ ವಿಜ್ಞಾನಿ. ನಾನಂತೂ ಫೋನಿನಲ್ಲಿ ಎಐ ಕೇಳಿ ಬರೆಸಿದ್ದೆ, ಒಪ್ಪಿಕೊಂಡುಬಿಡ್ತೀನಿ. ಗೆಳತಿಯೂ ಅದನ್ನೇ ಕೇಳಿದ್ದಳಂತೆ. ಅದಕ್ಕೇ ಅವಳದ್ದು ನನಗೆ ನನ್ನದೇ ಅನ್ನಿಸಿದ್ದು.

ಇದು ಜನವರಿಯ ಮೊದಲ ವಾರದ ಮಾತು. ಬಿ.ಎಸ್ಸಿ. ಕೊನೆ ವರ್ಷದವರಿಗೆ ಬೇಸಿಗೆಯಲ್ಲಿ ಆರು ವಾರದ ಒಂದು ತರಬೇತಿ ಇತ್ತು. ಊಟ, ವಸತಿ, ಓಡಾಟದ ಖರ್ಚು ಎಲ್ಲಾ ಅವರದ್ದೇ. ಅರ್ಜಿಯಲ್ಲಿ ಮಾರ್ಕ್ಸು, ವಿಳಾಸ ಎಲ್ಲಾ ಆದ ಮೇಲೆ ಕೊನೆಗೆ ಒಂದು ಪ್ರಶ್ನೆ: ನಿಮ್ಮ ಸ್ವಭಾವ, ನಿಮ್ಮ ನಂಬಿಕೆ, ಮುಂದಿನ ಆಸೆಗಳ ಬಗ್ಗೆ 500 ಪದ ಮೀರದಂತೆ ಬರೆಯಿರಿ. ಕನ್ನಡದಲ್ಲೂ ಬರೆಯಬಹುದು. ಕನ್ನಡದಲ್ಲಿ ಬರೆಯಬಹುದು ಅಂದ ತಕ್ಷಣ ನಾವು ಏಳೂ ಜನ ಇದು ಸುಲಭ ಅಂದುಕೊಂಡೆವು. ಹತ್ತನೇ ಕ್ಲಾಸಿನವರೆಗೆ ಎಲ್ಲರೂ ಕನ್ನಡ ಮೀಡಿಯಂ. ಫಿಸಿಕ್ಸನ್ನು ಇಂಗ್ಲಿಷಿನಲ್ಲಿ ಬರೆದು ಬರೆದು ಕೈ ಸೋತಿತ್ತು. ನಮ್ಮ ಬಗ್ಗೆ ನಮ್ಮ ಭಾಷೆಯಲ್ಲಿ ಬರೆಯೋಕೆ ಏನು ಕಷ್ಟ?

ನಾಲ್ಕು ಸಲ ಬರೆದೆ. ಮೂರೂವರೆ ವಾರ ಹಿಡಿಯಿತು. ಹೇಗೆ ಬರೆದೆ, ಎಲ್ಲೆಲ್ಲಿ ಎಡವಿದೆ ಅಂತ ಹೇಳ್ತೀನಿ. ಇಂಥ ಪ್ರಶ್ನೆ ಇವತ್ತಲ್ಲ ನಾಳೆ ಎಲ್ಲರ ಮುಂದೂ ಬರುತ್ತೆ.

ಮೊದಲು ನಾನು ಯಾರು ಅನ್ನೋದು. ನಮ್ಮೂರು ಚಳ್ಳಕೆರೆಯಿಂದ 18 ಕಿಲೋಮೀಟರ್. ರಾಜ್ಯದಲ್ಲಿ ತುಂಬಾ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ನಮ್ಮದೂ ಒಂದು. ಐದು ಎಕರೆ ಹೊಲ, ಎಲ್ಲಾ ಮಳೆ ನಂಬಿದ್ದು. ಶೇಂಗಾ ಹಾಕ್ತೀವಿ, ನಡುನಡುವೆ ಬಿಡುವ ಅಕ್ಕಡಿ ಸಾಲಿಗೆ ತೊಗರಿ. ಹತ್ತು ಹನ್ನೆರಡು ಕುರಿ. ಅಮ್ಮ ಬ್ಲೌಸ್ ಹೊಲೀತಾಳೆ. ಮನೆಯಲ್ಲಿ ಅಜ್ಜಿ, ಒಬ್ಬ ತಮ್ಮ. ಬೆಳಗ್ಗೆ 7:40ರ ಬಸ್ಸಿಗೆ ಕಾಲೇಜು. ನಾನು ಡಿಗ್ರಿಗೆ ಸೇರುವ ಹೊತ್ತಿಗೆ, 2023ರ ಜೂನ್ 11ಕ್ಕೆ, ಶಕ್ತಿ ಯೋಜನೆ ಶುರುವಾಯಿತು. ಹಾಗಾಗಿ ಮೂರು ವರ್ಷವೂ ಬಸ್ ಚಾರ್ಜು ಸೊನ್ನೆ. ಅದಿಲ್ಲದಿದ್ದರೆ ನಾನು ಬಿ.ಎಸ್ಸಿ. ಮಾಡ್ತಿದ್ದೆನಾ ಅಂತ ಕೇಳಿದರೆ ನನಗೂ ಖಾತ್ರಿ ಇಲ್ಲ.

ಹಾಳೆಗಳನ್ನು ಓದಿ ಮುಗಿಸಿದ ಮೇಲೆ ಮೇಡಂ ಬೈಯಲಿಲ್ಲ. ಸುಮ್ನೆ ಎರಡು ಮಾತು ಹೇಳಿದರು. ಒಂದು, ನಿಮ್ಮ ಸ್ವಭಾವ ಏನು ಅಂತ ನೀವೇ ಬರೀಬೇಡಿ, ಮನೆಗೆ ಹೋಗಿ ನಿಮ್ಮ ಜೊತೆ ಇರೋರನ್ನ ಕೇಳಿಕೊಂಡು ಬನ್ನಿ. ಎರಡು, ನಂಬಿಕೆ ಅಂತ ಏನಾದ್ರೂ ಬರೆದರೆ, ಅದಕ್ಕೋಸ್ಕರ ನೀವು ಏನು ಕಳ್ಕೊಂಡಿದ್ದೀರಿ ಅನ್ನೋದನ್ನೂ ಪಕ್ಕದಲ್ಲಿ ಬರೀರಿ. ಏನೂ ಕಳ್ಕೊಂಡಿಲ್ಲ ಅಂದ್ರೆ ಆ ಸಾಲು ಹೊಡೆದುಹಾಕಿ.

ಕೇಳೋದು ಅಂದರೆ ಮೊದಮೊದಲು ನಾಚಿಕೆ. "ಅಮ್ಮ, ನಾನು ಹೆಂಗೆ?" ಅಂದೆ. ಅಮ್ಮ ಮಿಷನ್ ತುಳಿಯುತ್ತಲೇ, "ಹೆಂಗೆ ಅಂದ್ರೆ? ಚೆನ್ನಾಗೇ ಇದೀಯಲ್ಲ" ಅಂದಳು. ಅದಲ್ಲಮ್ಮ, ನನ್ನ ಗುಣ ಹೇಳು ಅಂದೆ. ಸ್ವಲ್ಪ ಯೋಚಿಸಿ, "ಎಣಿಸ್ತೀಯ" ಅಂದಳು. "ಚಿಕ್ಕೋಳಿದ್ದಾಗಿಂದ ಅಷ್ಟೇ. ಹಪ್ಪಳ ಕರಿದ್ರೆ ಎಷ್ಟಿವೆ ಅಂತ ಎಣಿಸ್ತೀಯ. ಕುರಿ ಮನೆಗೆ ಬಂದ್ರೆ ಎಣಿಸ್ತೀಯ. ಒಂದ್ಸಲ ಮದುವೆ ಮನೇಲಿ ಎಲೆ ಎಣಿಸಿ, ಎಷ್ಟು ಜನ ಎರಡನೇ ಪಂಕ್ತಿಗೂ ಕೂತ್ರು ಅಂತ ಎಲ್ಲರ ಮುಂದೆ ಹೇಳಿ ಮರ್ಯಾದೆ ತೆಗೆದಿದ್ದೆ."

ಅಜ್ಜಿ ಹೇಳಿದ್ದು ಬೇರೆ. "ಮನೇಲಿ ಬಾಯಿಗೆ ಬೀಗ ಇಲ್ಲ, ಹೊಸ್ತಿಲು ದಾಟಿದ್ರೆ ಬಾಯೇ ಇಲ್ಲ." ತಮ್ಮ, ಸೋತರೆ ಆಟ ಕೆಡಿಸ್ತಾಳೆ ಅಂದ. ಗೆಳತಿ ಹೇಳಿದ್ದು ಇನ್ನೂ ಚುಚ್ಚಿತು: "ಬಸ್ಸಲ್ಲಿ ವಯಸ್ಸಾದವರಿಗೆ ಸೀಟು ಬಿಟ್ಟುಕೊಡ್ತೀಯ ಕಣೆ, ನಿಜ. ಆದರೆ ಆಮೇಲೆ ಕಾಲೇಜಲ್ಲಿ ಮಧ್ಯಾಹ್ನದವರೆಗೂ ಅದನ್ನ ಹೇಳ್ಕೊಂಡು ತಿರುಗ್ತೀಯ."

ಎಲ್ಲವನ್ನೂ ಬರೆದಿಟ್ಟುಕೊಂಡೆ. ಶ್ರಮಜೀವಿ ಅಂತ ಒಬ್ಬರೂ ಹೇಳಲಿಲ್ಲ, ನೋಡಿ!

ಎಣಿಸ್ತೀಯ ಅನ್ನುವ ಮಾತು ಮಾತ್ರ ತಲೆಯಲ್ಲಿ ಉಳಿಯಿತು. ಏಕೆಂದರೆ ನನ್ನ ಹತ್ತಿರ ಒಂದು ನೋಟ್‌ಬುಕ್ ಇದೆ. ಅದನ್ನು ಮೊದಲ ಸಲ ಬರೆದಾಗ ಹೇಳಬೇಕು ಅಂತಲೇ ಹೊಳೆದಿರಲಿಲ್ಲ. ಅದೇನು ದೊಡ್ಡ ವಿಷಯ ಅನ್ನಿಸಿತ್ತು.

2020ರ ಜೂನ್. ಕೊರೊನಾ. ಸ್ಕೂಲು ಮುಚ್ಚಿತ್ತು. ಒಂಬತ್ತನೇ ಕ್ಲಾಸಿನಿಂದ ಪರೀಕ್ಷೆ ಇಲ್ಲದೆ ಹತ್ತಕ್ಕೆ ಬಂದಿದ್ದೆ. ಟಿವಿಯಲ್ಲಿ ಚಂದನದಲ್ಲಿ ಪಾಠ ಬರುತ್ತಿತ್ತು, ಕರೆಂಟು ಇದ್ದರೆ ನೋಡೋದು. ನಮ್ಮ ವಿಜ್ಞಾನದ ಮೇಷ್ಟ್ರು ಕುದಾಪುರಕ್ಕೆ ತರಬೇತಿಗೆ ಹೋಗಿ ಬಂದವರು. ಅಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನವರ 1,500 ಎಕರೆ ಕ್ಯಾಂಪಸ್ ಇದೆ, ಶಾಲಾ ಮೇಷ್ಟ್ರುಗಳಿಗೆ ತರಬೇತಿ ಕೊಡ್ತಾರೆ. ಮೇಷ್ಟ್ರು ವಾಟ್ಸಾಪ್‌ನಲ್ಲಿ ಒಂದು ಕೆಲಸ ಕೊಟ್ಟರು: ಮನೆಯಲ್ಲೇ ಮಳೆ ಅಳೆಯಿರಿ.

ಎರಡು ಲೀಟರಿನ ಕೂಲ್‌ಡ್ರಿಂಕ್ ಬಾಟಲಿ. ಕತ್ತು ಕಿರಿದಾಗುವ ಜಾಗಕ್ಕಿಂತ ಸ್ವಲ್ಪ ಕೆಳಗೆ ಕತ್ತರಿಸಬೇಕು. ಕತ್ತರಿಸಿದ ತಲೆಯನ್ನು ತಲೆಕೆಳಗಾಗಿ ಬಾಟಲಿಯೊಳಗೆ ಕೂರಿಸಿದರೆ ಆಲಿಕೆ ಆಯಿತು. ಮಳೆ ಒಳಗೆ ಬೀಳುತ್ತೆ, ಬಿಸಿಲಿಗೆ ಬೇಗ ಆರಲ್ಲ. ಬಾಟಲಿಯ ತಳ ಉಬ್ಬುತಗ್ಗು ಇರುತ್ತಲ್ಲ, ಅದಕ್ಕೆ ಸಣ್ಣ ಕಲ್ಲು ತುಂಬಿ, ಅದು ಮುಳುಗುವಷ್ಟು ನೀರು ಹಾಕಿ, ಆ ನೀರಿನ ಮಟ್ಟಕ್ಕೆ ಸೊನ್ನೆ ಅಂತ ಗೀಟು. ಅಲ್ಲಿಂದ ಮೇಲಕ್ಕೆ ಸ್ಕೇಲ್ ಅಂಟಿಸಬೇಕು. ನೀರು ಎಷ್ಟು ಮಿಲಿಮೀಟರ್ ಏರಿತೋ ಅಷ್ಟು ಮಳೆ. ಓದಿ ಬರೆದಾದ ಮೇಲೆ ಹೆಚ್ಚಾದ ನೀರು ಚೆಲ್ಲಿ ಮತ್ತೆ ಸೊನ್ನೆಗೆ ತರಬೇಕು. ಅಷ್ಟೇ.

ಮೊದಲ ವರ್ಷ ಬಾಟಲಿಯನ್ನು ಬೇವಿನ ಮರದ ಹತ್ತಿರ ಇಟ್ಟು ಲೆಕ್ಕ ಕೆಟ್ಟಿತು. ಮಳೆ ನಿಂತ ಮೇಲೂ ಮರ ಅರ್ಧ ಗಂಟೆ ಸುರಿಸುತ್ತೆ. ಆಮೇಲೆ ಹಿತ್ತಲ ಬಯಲಿನಲ್ಲಿ ಗೂಟಕ್ಕೆ ಕಟ್ಟಿದೆ. ಹವಾಮಾನ ಇಲಾಖೆಯವರ ಮಳೆ ದಿನ ಬೆಳಗ್ಗೆ 8:30ರಿಂದ ಮರುದಿನ 8:30. ನನ್ನದು 7:20ರಿಂದ 7:20. ಬಸ್ಸು 7:40ಕ್ಕೆ, ಏನು ಮಾಡೋದು?

ಅಜ್ಜಿಗೆ ಮಿಲಿಮೀಟರ್ ಬೇಕಿಲ್ಲ. ಅವಳದ್ದು ನಕ್ಷತ್ರದ ಲೆಕ್ಕ. ಮೇ ಕೊನೆಗೆ ರೋಹಿಣಿ, ಜೂನ್ ಮೊದಲ ವಾರ ದಾಟಿದರೆ ಮೃಗಶಿರ, ಆಮೇಲೆ ಆರಿದ್ರಾ, ಪುನರ್ವಸು, ಪುಷ್ಯ. ಒಂದೊಂದು ಮಳೆಗೂ ಹದಿಮೂರೋ ಹದಿನಾಲ್ಕೋ ದಿನ. "ರೋಹಿಣಿ ಮಳೆ ಬಂದ್ರೆ ಓಣಿಯೆಲ್ಲಾ ಜೋಳ" ಅಂತ ಶುರು ಮಾಡಿದರೆ ನಿಲ್ಲಿಸೋದಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಅವಳಿಗೂ ಒಂದು ಕಾಲಂ ಇದೆ. ತಾರೀಕು, ನಕ್ಷತ್ರ, ಮಿಲಿಮೀಟರ್, ಕೊನೆಗೆ ಅಜ್ಜಿ ಹೇಳಿದ ಪದ. ಸೋನೆ, ಬಿರುಸು, ಧೂಳು ಅಡಗಿದ್ದು, ಹದ. ವರ್ಷಗಟ್ಟಲೆ ಬರೆದ ಮೇಲೆ ಒಂದು ಕಂಡಿತು. ಅಜ್ಜಿ "ಹದ ಆಯ್ತು, ಬಿತ್ತಬಹುದು" ಅಂದಾಗಲೆಲ್ಲಾ ನನ್ನ ಬಾಟಲಿಯಲ್ಲಿ ಎರಡು ದಿನದ್ದು ಸೇರಿ 20ರಿಂದ 30 ಮಿಲಿಮೀಟರ್ ಇರುತ್ತಿತ್ತು. ಅವಳು ಬಾಟಲಿ ಕಡೆ ತಿರುಗಿಯೂ ನೋಡಿದವಳಲ್ಲ. ಹೊಲಕ್ಕೆ ಹೋಗಿ, ಒಂದು ಹಿಡಿ ಮಣ್ಣು ತಗೊಂಡು, ಉಂಡೆ ಕಟ್ಟಿ, ಬೀಳಿಸಿ ನೋಡ್ತಾಳೆ.

ಅಪ್ಪನಿಗೆ ಈ ಲೆಕ್ಕ ಹಿಡಿಸಿದ್ದು ಬೇರೆ ಕಾರಣಕ್ಕೆ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್ ನೀರು. ಒಂದು ಎಕರೆ ಅಂದರೆ ಹತ್ತಿರಹತ್ತಿರ 4,047 ಚದರ ಮೀಟರ್. ಪಿಯುಸಿಯಲ್ಲಿ ಇದನ್ನು ಲೆಕ್ಕ ಹಾಕಿ ಒಂದು ದಿನ ಅಪ್ಪನಿಗೆ ಹೇಳಿದೆ: "ರಾತ್ರಿ ಬಂದಿದ್ದು 10 ಮಿಲಿಮೀಟರ್. ನಮ್ಮ ಐದು ಎಕರೆಗೆ ಎರಡು ಲಕ್ಷ ಲೀಟರ್. ಐದು ಸಾವಿರದ ಟ್ಯಾಂಕರ್ ಆದ್ರೆ 40 ಟ್ಯಾಂಕರ್." ಅಪ್ಪ ಟೀ ಲೋಟ ಕೆಳಗಿಟ್ಟು, "ನಲವತ್ತಾ?" ಅಂದರು. ಮಧ್ಯಾಹ್ನದೊಳಗೆ ಊರಿನ ಅರಳಿಕಟ್ಟೆ ಮೇಲೆ ಎಲ್ಲರ ಬಾಯಲ್ಲೂ ನಲವತ್ತು ಟ್ಯಾಂಕರ್!

ಸರಿ, ಇದನ್ನು ಬರೆದೆ. ಸ್ವಭಾವ ಅನ್ನುವ ಕಡೆ, ನಾನು ಎಣಿಸುವವಳು ಅಂತ ಶುರು ಮಾಡಿ, ಬಾಟಲಿ, ನೋಟ್‌ಬುಕ್, ಅಜ್ಜಿಯ ಕಾಲಂ. ಚೆನ್ನಾಗಿ ಬಂತು ಅನ್ನಿಸಿತು. ಅದರ ಕೊನೆಗೆ "ಆರು ವರ್ಷದಿಂದ ಒಂದು ದಿನವೂ ತಪ್ಪದೆ ಪ್ರಾಮಾಣಿಕವಾಗಿ ದಾಖಲಿಸಿದ್ದೇನೆ" ಅಂತ ಒಂದು ಸಾಲು. ಬರೆದು ಮಲಗಿದೆ. ನಿದ್ದೆ ಬರಲಿಲ್ಲ.

ಏಕೆ ಅಂದರೆ 2021ರ ಜುಲೈ 12ರಿಂದ 22.

ಆ ವರ್ಷ ನಮ್ಮ ಎಸ್ಸೆಸ್ಸೆಲ್ಸಿ. ಕೊರೊನಾದಿಂದ ಪರೀಕ್ಷೆ ಎರಡೇ ದಿನ, ಜುಲೈ 19 ಮತ್ತು 22. ಒಂದು ದಿನ ಗಣಿತ, ವಿಜ್ಞಾನ, ಸಮಾಜ, ಇನ್ನೊಂದು ದಿನ ಮೂರು ಭಾಷೆ. ಎಲ್ಲಾ ಒಎಂಆರ್ ಶೀಟಿನಲ್ಲಿ ಗುಂಡಿ ತುಂಬೋದು. ಬರೆದವರನ್ನೆಲ್ಲಾ ಪಾಸ್ ಮಾಡಿದರು. ನಮ್ಮನ್ನು ಇವತ್ತಿಗೂ ಕೊರೊನಾ ಬ್ಯಾಚ್ ಅಂತಾರೆ. ಎಷ್ಟು ಮಾರ್ಕ್ಸು ಬಂದರೂ, "ಓ, ಕೊರೊನಾ ಪಾಸಾ?" ಅಂತ ಒಂದು ನಗು. ನಾನು ಓದಿಯೇ ಬರೆದಿದ್ದೆ. ಆ ಹನ್ನೊಂದು ದಿನ ಬಾಟಲಿ ಕಡೆ ಹೋಗಲೇ ಇಲ್ಲ, ಅಷ್ಟು ಓದಿದ್ದೆ. ಪರೀಕ್ಷೆ ಮುಗಿದ ಮೇಲೆ ನೋಟ್‌ಬುಕ್ ತೆಗೆದರೆ ಹನ್ನೊಂದು ಸಾಲು ಖಾಲಿ. ಬಾಟಲಿಯಲ್ಲಿ ಎಷ್ಟೋ ದಿನದ ನೀರು ಒಟ್ಟಿಗೆ. ಮೇಷ್ಟ್ರು ನೋಡಿದರೆ ಏನಂದುಕೊಳ್ತಾರೋ ಅಂತ, ಇದ್ದ ನೀರನ್ನು ನನಗೆ ತೋಚಿದ ಹಾಗೆ ಹನ್ನೊಂದು ದಿನಕ್ಕೆ ಹಂಚಿದೆ. ಒಂದು ದಿನ 3, ಒಂದು ದಿನ 6, ಎರಡು ದಿನ ಸೊನ್ನೆ. ಸೊನ್ನೆ ಹಾಕಿದರೆ ನಿಜ ಅನ್ನಿಸುತ್ತೆ ಅಂತ ಆಗಲೇ ಗೊತ್ತಿತ್ತು ನನಗೆ! ಅಜ್ಜಿಯ ಕಾಲಮ್ಮಿನಲ್ಲಿ ಸೋನೆ ಅಂತ ನಾನೇ ಬರೆದೆ.

ಕೊರೊನಾ ಪಾಸ್ ಅಂದವರ ಮೇಲೆ ಸಿಟ್ಟು ಮಾಡಿಕೊಂಡು ತಿರುಗಿದವಳು ನಾನು. ಅದೇ ವಾರ ನಾನೇ ನನಗೆ ಹನ್ನೊಂದು ದಿನದ ಕೊರೊನಾ ಪಾಸ್ ಕೊಟ್ಟುಕೊಂಡಿದ್ದೆ.

ಯಾರಿಗೂ ಗೊತ್ತಿಲ್ಲ. ಹಾಗೇ ಬಿಟ್ಟರೂ ಯಾರಿಗೂ ಗೊತ್ತಾಗಲ್ಲ. ಮರುದಿನ ಮೇಡಂ ಹತ್ತಿರ ಹೋಗಿ ಹೇಳಿದೆ. ಅವರು ನಕ್ಕರು. "ಅದನ್ನೇ ಬರಿ" ಅಂದರು. ಬರೆದರೆ ಸೀಟು ಕೊಡ್ತಾರಾ ಮೇಡಂ ಅಂದೆ. "ಕೊಡ್ತಾರೋ ಇಲ್ಲವೋ ಗೊತ್ತಿಲ್ಲ. ಈ ಸಲ ಹಾಳೆ ಓದಿದ್ರೆ ಮಾತ್ರ ಬೇರೆ ಯಾರೂ ಕೈ ಎತ್ತಲ್ಲ." ಮೂರನೇ ಸಲ ಬರೆಯುವಾಗ ಆ ಹನ್ನೊಂದು ದಿನ ಒಳಗೆ ಬಂತು. ಪ್ರಾಮಾಣಿಕ ಅನ್ನುವ ಪದ ಹೋಯಿತು. ನೋಟ್‌ಬುಕ್ಕಿನಲ್ಲಿ ಆ ಹನ್ನೊಂದು ಸಾಲಿಗೂ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದೆ.

ನಂಬಿಕೆಯ ಭಾಗ ಇದಕ್ಕಿಂತ ಕಷ್ಟ. ಮೊದಲು ಬರೆದಿದ್ದ ಸಾಲುಗಳು ಇವು: ನಾನು ದೇವರನ್ನು ನಂಬುತ್ತೇನೆ, ವಿಜ್ಞಾನವನ್ನೂ ನಂಬುತ್ತೇನೆ. ಜಾತಿಯನ್ನು ನಂಬುವುದಿಲ್ಲ. ಹೆಣ್ಣು ಗಂಡು ಸಮಾನ. ಮೇಡಂ ಹೇಳಿದ ಹಾಗೆ ಪ್ರತಿ ಸಾಲಿನ ಪಕ್ಕ, ಇದಕ್ಕೆ ನಾನು ಏನು ಕಳೆದುಕೊಂಡೆ ಅಂತ ಬರೆಯಲು ಕೂತೆ.

ದೇವರ ವಿಷಯ ಬೇಗ ಮುಗಿಯಿತು. ನಾನು ನಾಯಕನಹಟ್ಟಿ ಜಾತ್ರೆಗೆ ಹೋಗ್ತೀನಿ. ತಿಪ್ಪೇರುದ್ರಸ್ವಾಮಿ ತೇರಿನ ದಿನ ಎಲ್ಲರ ಜೊತೆ ಕೊಬ್ಬರಿ ಸುಡ್ತೀನಿ. ವಿಜ್ಞಾನದ ತರಬೇತಿಗೆ ಅರ್ಜಿ ಹಾಕುವವಳು ಇದನ್ನು ಬರೀಬಾರದು ಅಂತ ಕ್ಲಾಸಿನವನೊಬ್ಬ ಬುದ್ಧಿ ಹೇಳಿದ. ಆದರೆ ಆ ಸ್ವಾಮಿ ನಮ್ಮ ಕಡೆ ಹೆಸರಾಗಿರೋದೇ ಕೆರೆ ಕಟ್ಟಿಸಿದವರು ಅಂತ. ಕೆರೆ ಕೆಲಸಕ್ಕೆ ಬಂದವರಿಗೆ ಅವರವರು ಮಾಡಿದಷ್ಟು ಕೂಲಿ ಕೊಡುತ್ತಿದ್ದರು ಅಂತ ಹೇಳ್ತಾರೆ. ಮಾಡಿದಷ್ಟು ನೀಡು ಭಿಕ್ಷೆ ಅನ್ನುವ ಅವರ ಮಾತು ನಮ್ಮೂರ ಟ್ರ್ಯಾಕ್ಟರುಗಳ ಹಿಂದೆಲ್ಲಾ ಬರೆದಿರುತ್ತೆ. ಮಳೆ ಇಲ್ಲದ ಸೀಮೆಯಲ್ಲಿ ಕೆರೆ ಕಟ್ಟಿಸಿದವರಿಗೆ ಕೈ ಮುಗಿಯೋಕೆ ನನಗೆ ಯಾವ ಮುಜುಗರವೂ ಇಲ್ಲ. ಕೊಬ್ಬರಿ ಸುಟ್ಟರೆ ಮಳೆ ಬರುತ್ತೆ ಅಂತ ಮಾತ್ರ ನಾನು ನಂಬಿಲ್ಲ. ಹಾಗೇ ಬರೆದೆ.

ಜಾತಿಯ ಸಾಲಿಗೆ ಬಂದು ಪೆನ್ನು ನಿಂತಿತು.

ಎರಡನೇ ವರ್ಷದ ದಸರಾ ರಜೆಯಲ್ಲಿ ಗೆಳತಿ ನಮ್ಮ ಮನೆಗೆ ಬಂದಿದ್ದಳು. ಅವಳದ್ದು ಬೇರೆ ಕೇರಿ. ಊರ ಕಡೆಯವರಿಗೆ ಇಷ್ಟು ಹೇಳಿದರೆ ಸಾಕು, ಅಲ್ವಾ? ಅಜ್ಜಿ ನೀರು ತಂದಳು. ಮನೆ ತುಂಬಾ ಸ್ಟೀಲ್ ಲೋಟ ಇದ್ದರೂ, ಹೋದ ಶ್ರಾವಣದ ಪೂಜೆಗೆ ತಂದು ಉಳಿದಿದ್ದ ಪೇಪರ್ ಲೋಟದಲ್ಲಿ ತಂದಳು. ನನಗೆ ಸ್ಟೀಲ್ ಲೋಟ. ಗೆಳತಿ ನೋಡಿದಳು. ಕುಡಿದಳು. ಲೋಟ ಮುದುರಿ ತಾನೇ ಹೊರಗೆ ಹೋಗಿ ತಿಪ್ಪೆಗೆ ಹಾಕಿ ಬಂದಳು. ಆಮೇಲೆ ನಾವು ಶೇಂಗಾ ಸುಟ್ಟುಕೊಂಡು ತಿಂದೆವು, ಫೋಟೋ ತೆಗೆದೆವು, ನಕ್ಕೆವು. ನಾನು ಒಂದು ಮಾತೂ ಆಡಲಿಲ್ಲ. ಮನೆಯಲ್ಲಿ ಬಾಯಿಗೆ ಬೀಗ ಇಲ್ಲದವಳು!

ಆ ಸಾಲು ಹೊಡೆದುಹಾಕಿದೆ. ಆದರೆ ಅಷ್ಟಕ್ಕೇ ಬಿಡೋಕೆ ಆಗಲಿಲ್ಲ. ಬಸ್ಸಿನಲ್ಲಿ ಅವಳಿಗೆ ಹೇಳಿದೆ, ಅವತ್ತಿನ ಲೋಟದ ವಿಷಯ ಅಂತ. ಅವಳು ಕಿಟಕಿ ಕಡೆ ನೋಡುತ್ತಲೇ, "ನಿಮ್ಮಜ್ಜಿ ಹಂಗೆ ಮಾಡ್ತಾರೆ ಅಂತ ನನಗೆ ಮೊದಲೇ ಗೊತ್ತಿತ್ತು ಬಿಡೆ. ನೀನು ನೆಲ ನೋಡ್ತಾ ಕೂತಿದ್ದೆಯಲ್ಲ, ಅದೇ ಒಂಥರಾ ಆಯ್ತು" ಅಂದಳು. ಆಮೇಲೆ ಕಂಡಕ್ಟರ್ ಬಂದರು, ಆಧಾರ್ ತೋರಿಸಿದೆವು, ಮಾತು ಮುರಿಯಿತು.

ಸಂಕ್ರಾಂತಿಗೆ ಬಾ ಅಂದೆ. ಬರ್ತೀನಿ ಅಂತಲೂ ಅನ್ನಲಿಲ್ಲ, ಬರಲ್ಲ ಅಂತಲೂ ಅನ್ನಲಿಲ್ಲ. ಹಬ್ಬದ ದಿನ ಬೆಳಗ್ಗೆ ಅಜ್ಜಿಗೆ ಹೇಳಿದೆ, ಅವಳಿಗೆ ಪೇಪರ್ ಲೋಟ ಆದರೆ ನನಗೂ ಪೇಪರ್ ಲೋಟ, ಅವಳಿಗೆ ಪೇಪರ್ ತಟ್ಟೆ ಆದರೆ ನನಗೂ ಅದೇ. ಸುಮ್ನೆ ಹೆದರಿಸ್ತಿದ್ದಾಳೆ ಅಂದುಕೊಂಡಿರಬೇಕು. ಗೆಳತಿ ಹನ್ನೊಂದೂವರೆಗೆ ಬಂದಳು, ಎಳ್ಳು ಬೆಲ್ಲ ತಂದಿದ್ದಳು. ಊಟಕ್ಕೆ ಅಜ್ಜಿ ಎರಡು ಪೇಪರ್ ತಟ್ಟೆ ತಂದಿಟ್ಟಳು. ನನಗೂ ಒಂದು. ಅಷ್ಟು ಹಟ. ಪಡಸಾಲೆಯಲ್ಲಿ ಇಬ್ಬರೂ ಕೂತು ಉಂಡೆವು. ಕಾಳಿನ ಸಾರು ಬಿಸಿ ಇತ್ತು, ತಟ್ಟೆ ಮೆತ್ತಗಾಗಿ ಸೋರಿ ನನ್ನ ಹೊಸ ಲಂಗಕ್ಕೆಲ್ಲಾ ಆಯಿತು. ಗೆಳತಿಗೆ ನಗು ತಡೆಯಲಿಲ್ಲ. ಅಮ್ಮ ಅಡುಗೆಮನೆಯಿಂದ ಬಂದು ನೋಡಿದಳು. ಏನೂ ಮಾತಾಡದೆ ಎರಡು ಸ್ಟೀಲ್ ತಟ್ಟೆ ತಂದು, ಅದರೊಳಗೆ ಎರಡೂ ಪೇಪರ್ ತಟ್ಟೆ ಇಟ್ಟು, ಮೇಲಿಂದ ಅನ್ನ ಬಡಿಸಿದಳು. ಅಜ್ಜಿ ಎದ್ದು ಜಗಲಿಗೆ ಹೋಗಿ ಕೂತಳು. ಅವತ್ತು ರಾತ್ರಿ ನನ್ನ ಜೊತೆ ಮಾತಾಡಲಿಲ್ಲ. ಎರಡು ದಿನ ನಕ್ಷತ್ರವೂ ಇಲ್ಲ, ಏನೂ ಇಲ್ಲ.

ಅಜ್ಜಿ ಬದಲಾದಳು ಅಂತ ಬರೆದರೆ ಸುಳ್ಳಾಗುತ್ತೆ. ಬದಲಾಗಿಲ್ಲ. ಅರ್ಜಿಯಲ್ಲಿ ನಾನು ಬರೆದದ್ದು ಇಷ್ಟು: "ಜಾತಿ ನಂಬುವುದಿಲ್ಲ ಎಂದು ಹೇಳಿಕೊಳ್ಳುವಷ್ಟು ನಾನು ಇನ್ನೂ ಏನೂ ಮಾಡಿಲ್ಲ. ಒಂದು ಹಬ್ಬದ ದಿನ ಪೇಪರ್ ತಟ್ಟೆಯಲ್ಲಿ ಉಂಡಿದ್ದೇನೆ." ಅದನ್ನು ಬರೆಯುವ ಮೊದಲು ಗೆಳತಿಯನ್ನು ಕೇಳಿದೆ, ನಿನ್ನ ಹೆಸರಿಲ್ಲದೆ ಬರೀಲಾ ಅಂತ. "ಲಂಗದ ವಿಷಯನೂ ಬರಿ" ಅಂದಳು. 500 ಪದದಲ್ಲಿ ಅದಕ್ಕೆ ಜಾಗ ಇರಲಿಲ್ಲ. ಇಲ್ಲಿ ಬರೆದಿದ್ದೀನಿ.

ಹೆಣ್ಣು ಗಂಡು ಸಮಾನ ಅನ್ನೋದನ್ನು ತೆಗೆದೆ. ತಮ್ಮ ಉಂಡ ತಟ್ಟೆ ಇವತ್ತಿಗೂ ನಾನೇ ತೊಳೀತೀನಿ.

ಉಳಿದದ್ದು ಆಸೆ. ಇಲ್ಲಿ ಯಾರೂ ಉಪಾಯ ಹೇಳಿಕೊಡಲಿಲ್ಲ, ನಾನೇ ಒಂದು ಕಂಡುಕೊಂಡೆ. ಆಸೆಯ ಪಕ್ಕ ದುಡ್ಡು ಬರೆಯೋದು. ಐಎಎಸ್ ಅಂತ ಬರೆದು ಪಕ್ಕದಲ್ಲಿ ಕೋಚಿಂಗು, ಬೆಂಗಳೂರಿನ ಪಿಜಿ ಬಾಡಿಗೆ, ಎಷ್ಟು ವರ್ಷ ಅಂತ ಬರೆಯೋಕೆ ಹೋದರೆ ಅದು ನನ್ನ ಆಸೆ ಅಲ್ಲವೇ ಅಲ್ಲ ಅಂತ ಗೊತ್ತಾಯಿತು. ಯಾವ ಕೆಲಸ ಅಂತಲೂ ಸರಿಯಾಗಿ ತಿಳಿಯದೆ ಬರೆದಿದ್ದೆ. ಟಿವಿಯಲ್ಲಿ ಡಿಸಿ ಮೇಡಂ ಬಂದರೆ ಎಲ್ಲರೂ ಎದ್ದು ನಿಲ್ತಾರಲ್ಲ, ಅದಿಷ್ಟ ಆಗಿತ್ತು ಅಷ್ಟೇ.

ನಿಜವಾದ ಆಸೆ ಎಂ.ಎಸ್ಸಿ. ಫಿಸಿಕ್ಸ್. ಚಿತ್ರದುರ್ಗದ ಹತ್ತಿರ ಗುಡ್ಡದರಂಗವ್ವನಹಳ್ಳಿಯಲ್ಲಿ ದಾವಣಗೆರೆ ವಿಶ್ವವಿದ್ಯಾಲಯದ ಪಿಜಿ ಸೆಂಟರ್ ಇದೆ. ಮನೆಯಿಂದ ಬಸ್ಸಿನಲ್ಲಿ ಹೋಗಿ ಬರಬಹುದು, ಚಾರ್ಜು ಸೊನ್ನೆ. ಆಮೇಲೆ ಮೋಡ, ಗಾಳಿ, ಮಳೆ ಇದರ ಮೇಲೆ ಏನಾದರೂ ಓದಬೇಕು. ಒಂದು ವಿಷಯ ನನ್ನ ತಲೆ ತಿನ್ನುತ್ತೆ. 2022ರಲ್ಲಿ ನಮ್ಮ ಪಕ್ಕದ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಹರಿಯಿತು. ಅದಕ್ಕೆ ಮೊದಲು ಹರಿದದ್ದು 1933ರಲ್ಲಂತೆ. ಅಜ್ಜಿ ಕೂಡ ಹುಟ್ಟಿರಲಿಲ್ಲ. ಊರೆಲ್ಲಾ ಟೆಂಪೋ ಮಾಡಿಕೊಂಡು ನೋಡೋಕೆ ಹೋಗಿದ್ದೆವು. ಆ ವರ್ಷ ಒಂದು ರಾತ್ರಿ ನನ್ನ ಬಾಟಲಿ ತುಂಬಿ ಹೊರಗೆ ಚೆಲ್ಲಿ, ಎಷ್ಟು ಬಂತು ಅಂತಲೇ ಗೊತ್ತಾಗಲಿಲ್ಲ. ಮಾರನೇ ವರ್ಷ, 2023, ರಾಜ್ಯದ 236 ತಾಲ್ಲೂಕಿನಲ್ಲಿ 223 ಬರಪೀಡಿತ. ಆಗಸ್ಟ್ ಪುಟ ಹೆಚ್ಚುಕಡಿಮೆ ಪೂರಾ ಸೊನ್ನೆ. ಮಘೆ ಮಳೆ ಬಂದಷ್ಟು ಒಳ್ಳೇದು, ಮನೆ ಮಗ ಉಂಡಷ್ಟು ಒಳ್ಳೇದು ಅಂತಾಳೆ ಅಜ್ಜಿ. ಮಘೆ ಬರಲಿಲ್ಲ. ಶೇಂಗಾ ಬಳ್ಳಿ ಕಿತ್ತರೆ ಬರೀ ಜೊಳ್ಳು. ಒಂದೇ ಬಾಟಲಿ, ಒಂದೇ ಗೂಟ, ವರ್ಷ ಮಾತ್ರ ಬೇರೆ. ಇದು ಹೇಗೆ ಅಂತ ನನಗೆ ತಿಳೀಬೇಕು.

ಆ ವರ್ಷವೇ ನಾನು ಡಿಗ್ರಿಗೆ ಸೇರಿದ್ದು. ಜೂನ್ ಮಳೆ ಕೈಕೊಟ್ಟಿತ್ತು. ಫೀಸು, ಪುಸ್ತಕ, ಲ್ಯಾಬ್ ಕೋಟು ಅಂತ ಅಪ್ಪ ಎರಡು ಕುರಿ ಮಾರಿದರು. ಮೇವಿಲ್ಲದೆ ಎಲ್ಲರೂ ಮಾರೋಕೆ ನಿಂತಾಗ ರೇಟು ಎಲ್ಲಿ ಸಿಗುತ್ತೆ. ಅಮ್ಮ ಹೊಲಿಗೆ ದುಡ್ಡಿನಲ್ಲಿ ಫೋನು ಕೊಡಿಸಿದಳು. ಇದನ್ನೂ ಲೆಕ್ಕದ ಸಮೇತ ಬರೆದೆ: ಎರಡು ಕುರಿ, ಒಂದು ಫೋನು.

ಇನ್ನೊಂದು ಆಸೆ ಬರೆದಿದ್ದೆ, 27 ದಾಟುವವರೆಗೆ ಮದುವೆ ಬೇಡ ಅಂತ. ಅಮ್ಮ ಓದಿ, ಅದನ್ನ ಬೇರೆಯವರಿಗೆಲ್ಲಾ ಯಾಕೆ ಹೇಳ್ತೀಯ, ತೆಗಿ ಅಂದಳು. ತೆಗೆದೆ. ಹೊಸ್ತಿಲು ದಾಟಿದ್ರೆ ಬಾಯೇ ಇಲ್ಲ ಅಂತ ಅಜ್ಜಿ ಸುಮ್ನೆ ಹೇಳಿಲ್ಲ. ಅದರ ಜಾಗದಲ್ಲಿ, ನನಗೆ ನನ್ನದೇ ಒಂದು ಟೇಬಲ್ ಬೇಕು ಅಂತ ಬರೆದೆ. ಅದು ಜೋಕ್ ಅಲ್ಲ. ನಾನು ಓದೋದು, ಬರೆಯೋದು ಅಮ್ಮನ ಹೊಲಿಗೆ ಮಿಷನ್ನಿನ ಹಲಗೆ ಮೇಲೆ, ಅವಳು ಹೊಲಿಯದೆ ಇರುವಾಗ. ಹಬ್ಬದ ಸೀಸನ್ನಿನಲ್ಲಿ ಅದೂ ಸಿಗೋದಿಲ್ಲ. ಈ 500 ಪದವನ್ನೂ ಅಲ್ಲೇ ಬರೆದದ್ದು. ಮೂರನೇ ಪ್ರತಿಯಲ್ಲಿ ಒಂದು ಕಡೆ ಎಣ್ಣೆ ಕಲೆ ಇದೆ.

ನಾಲ್ಕನೇ ಸಲ ಬರೆಯೋದು ಅಂದರೆ ಬರೀ ಕತ್ತರಿಸೋದು. 740 ಪದ ಇತ್ತು. ಬಾಟಲಿ ಮಾಡುವ ವಿಧಾನ ಹೋಯಿತು, ಟ್ಯಾಂಕರ್ ಹೋಯಿತು, ಕೋಡಿ ನೋಡೋಕೆ ಹೋದದ್ದು ಹೋಯಿತು. ಕತ್ತರಿಸುವಾಗ ನನಗೆ ಸಹಾಯ ಆದದ್ದು ಜೋರಾಗಿ ಓದೋದು. ಯಾವ ಸಾಲು ಓದುವಾಗ ದನಿ ಭಾಷಣದ ಹಾಗೆ ಏರುತ್ತೋ ಆ ಸಾಲು ಸುಳ್ಳು ಅಂತ ಲೆಕ್ಕ. ಜನವರಿ ಮುಗಿಯುವ ಎರಡು ದಿನ ಮೊದಲು ಕಳಿಸಿದೆ.

ಮಾರ್ಚಿನಲ್ಲಿ ಫೋನಿನಲ್ಲೇ ವಿಡಿಯೋ ಸಂದರ್ಶನ. ಮನೆಯೊಳಗೆ ನೆಟ್‌ವರ್ಕ್ ಇಲ್ಲ, ಮಾಳಿಗೆ ಮೇಲೆ ಕೊಡೆ ಹಿಡ್ಕೊಂಡು ಕೂತಿದ್ದೆ. ಮೂವರಿದ್ದರು. ಒಬ್ಬರು ನೇರವಾಗಿ ಕೇಳಿದರು, ಆ ಹನ್ನೊಂದು ದಿನದ ಒಟ್ಟು ಮಳೆ ನಿಜವಾದ್ದೇ ಅಲ್ಲವಾ, ಹಂಚಿಕೆ ಮಾತ್ರ ತಾನೇ ಸುಳ್ಳು? ನಾನು ಇದನ್ನು ಯೋಚಿಸಿಯೇ ಇರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಒಟ್ಟು ಕೂಡ ಪೂರ್ತಿ ನಿಜ ಅಲ್ಲ ಸರ್, ಹನ್ನೊಂದು ದಿನದಲ್ಲಿ ಒಂದಷ್ಟು ನೀರು ಆರಿರುತ್ತೆ ಅಂದೆ. ಇನ್ನೊಬ್ಬರು ಆಲಿಕೆಯ ಬಾಯಿ, ಬಾಟಲಿಯ ಅಗಲ ಎರಡೂ ಒಂದೇನಾ ಅಂದರು. ಒಂದೇ ಬಾಟಲಿ ಸರ್, ಒಂದೇ ಅಂದೆ. ತಟ್ಟೆಯ ವಿಷಯ ಯಾರೂ ಎತ್ತಲಿಲ್ಲ. ಟೇಬಲ್ ಬಗ್ಗೆ ಕೇಳಿದ ಮೇಡಂ ಮಾತ್ರ ಕ್ಯಾಮೆರಾ ತಿರುಗಿಸಿ ತಮ್ಮ ಟೇಬಲ್ ತೋರಿಸಿದರು. ಪುಸ್ತಕ, ಲೋಟ, ವೈರು, ಬಿಡಿ, ನಮ್ಮ ಮಿಷನ್ನಿಗಿಂತ ಕಡೆ!

ಗೆಳತಿಗೆ ಸೀಟು ಸಿಕ್ಕಿತು. ನನ್ನದು ವೇಟಿಂಗ್ ಲಿಸ್ಟಿನಲ್ಲಿ ನಾಲ್ಕನೇ ಹೆಸರು. ಅವಳ 500 ಪದದಲ್ಲಿ ಏನಿತ್ತು ಅಂತ ಅವಳು ಇನ್ನೂ ತೋರಿಸಿಲ್ಲ. ತೋರಿಸು ಅಂತ ನಾನೂ ಒತ್ತಾಯ ಮಾಡಿಲ್ಲ.

ಅಪ್ಪನಿಗೆ ಅರ್ಜಿ ಹಾಕಿದ್ದು ಗೊತ್ತಿತ್ತು, ಬರೆದದ್ದು ಏನು ಅಂತ ಗೊತ್ತಿರಲಿಲ್ಲ. ಹೋದ ವಾರ ಸಂಜೆ ಬಿತ್ತನೆಗೆ ಅಂತ ಶೇಂಗಾ ಸುಲಿಯುತ್ತಾ ಕೂತಿದ್ದರು. ಪಕ್ಕದಲ್ಲಿ ಕೂತು ನಾನೂ ಸುಲಿಯುತ್ತಾ, ಫೋನಿನಲ್ಲಿದ್ದದ್ದನ್ನು ಓದಿ ಹೇಳಿದೆ. ಹನ್ನೊಂದು ದಿನಕ್ಕೆ ನಕ್ಕರು. ತಟ್ಟೆಯ ಸಾಲಿಗೆ ಏನೂ ಅನ್ನಲಿಲ್ಲ, ಒಳಗೆ ಅಜ್ಜಿ ಇರುವ ಕಡೆ ಒಮ್ಮೆ ನೋಡಿದರು. ಕುರಿಯ ಸಾಲು ಬಂದಾಗ ಅವರ ಕೈ ನಿಂತಿತು.

"ಮೂರು" ಅಂದರು.

"ಎರಡಲ್ವಾ ಅಪ್ಪ? ನಾನೇ ಎಣಿಸಿದ್ದೆ."

"ಎರಡು ಫೀಸಿಗೆ. ಆಮೇಲೆ ಒಂದು ನಿನ್ ಫೋನಿಗೆ. ಅವತ್ತು ನೀನು ಕಾಲೇಜಿಗೆ ಹೋಗಿದ್ದೆ. ಹೊಲಿಗೆ ದುಡ್ಡು ಅಂತ ನಿಮ್ಮಮ್ಮನೇ ಹೇಳಿದ್ದು."

"ಮತ್ತೆ ಸಂಜೆ ಎಣಿಸಿದಾಗ ಸರಿ ಇತ್ತಲ್ಲ?"

"ಒಂದು ಮರಿ ಹಾಕಿತ್ತಲ್ಲವ್ವ ಆ ವಾರ." ಮತ್ತೆ ಸುಲಿಯಲು ಶುರು ಮಾಡಿದರು. "ತಿದ್ದು ಅದನ್ನ."

"ಕಳಿಸಿ ಎಷ್ಟೋ ದಿನ ಆಯ್ತು ಅಪ್ಪ."

"ಹಂಗಾದ್ರೆ ಎರಡೇ ಇರ್ಲಿ ಬಿಡು" ಅಂದರು.